ಮಂಡಿಯ ಕಂಪ್ಯೂಟರಿಗೆ ಎರಡು ಖಾತೆ

ಶಿರಸಿಯ ಅಡಿಕೆ ಮಂಡಿಯೊಂದರ ಲೆಕ್ಕದ ಕಂಪ್ಯೂಟರನ್ನು ಈಚೆಗೆ ನೋಡಿದೆ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟುಗಳ ದರ, ಬೆಳೆಗಾರರ ಮುಂಗಡ, ಬ್ಯಾಂಕ್ ವ್ಯವಹಾರ ಎಲ್ಲವೂ ಅದರಲ್ಲೇ ಇದ್ದವು. ಅದಕ್ಕೆ ಇದ್ದುದು ಮಾತ್ರ ಒಂದೇ ಖಾತೆ, ಅದೂ ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸಬಲ್ಲ ಅಡ್ಮಿನಿಸ್ಟ್ರೇಟರ್ (ಅಡ್ಮಿನ್) ಖಾತೆ. ಊಟಕ್ಕೆ ಕೂತಾಗಲೂ ಗೋದಾಮಿನ ಬೀಗದ ಕೈಯನ್ನು ಸೊಂಟದಿಂದ ಬಿಚ್ಚದ ಗುಮಾಸ್ತರು ಅದರಲ್ಲಿಯೇ ಇ-ಮೇಲ್ ನೋಡುತ್ತಿದ್ದರು.

ಪ್ರೋಗ್ರಾಂ ಒಂದಕ್ಕೆ ಸ್ವಂತ ಅಧಿಕಾರವೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ಯಾರ ಖಾತೆಯಲ್ಲಿ ಅದು ತೆರೆಯಿತೋ ಅವರ ಅಧಿಕಾರವೇ ಅದರ ಅಧಿಕಾರ. ಬಿಲ್ಲಿನ ವೇಷದಲ್ಲಿ ಬಂದ ಕಡತದೊಳಗಿನ ಕುತಂತ್ರಾಂಶಕ್ಕೆ (ಹಾನಿ ಮಾಡಲೆಂದೇ ಬರೆದ ಪ್ರೋಗ್ರಾಂಗೆ) ಅಡ್ಮಿನ್ ಅಧಿಕಾರ ದಕ್ಕಿತೆಂದರೆ ಅದು ಆಂಟಿವೈರಸ್ಸನ್ನು ನಿಲ್ಲಿಸಬಹುದು, ಉಳಿದ ಬಳಕೆದಾರರ ಕಡತಗಳನ್ನೂ ಓದಬಹುದು, ವಿಂಡೋಸ್ ತಾನಾಗಿ ಇಟ್ಟುಕೊಂಡ ಹಳೆಯ ಪ್ರತಿಗಳನ್ನು ಅಳಿಸಿ ಆಮೇಲೆ ಕಡತಗಳಿಗೆ ಬೀಗ ಜಡಿದು ಹಣ ಕೇಳಬಹುದು.

ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕೆಂಬ ತತ್ತ್ವವನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲಿಯೇ ವಿವರಿಸಿದ್ದರು. ಹೀಗಿದ್ದೂ 2001ರ ವಿಂಡೋಸ್ ಎಕ್ಸ್‌ಪಿಯನ್ನು ಮನೆಗಳಲ್ಲಿ ಜನ ಬಳಸಿದ್ದು ಬಹುಪಾಲು ಅಡ್ಮಿನ್ ಖಾತೆಯಲ್ಲಿಯೇ. 2007ರಲ್ಲಿ ಜನರ ಕೈಗೆ ಬಂದ ವಿಂಡೋಸಿನ ಮುಂದಿನ ಆವೃತ್ತಿ ವಿಸ್ಟಾ, ಅಡ್ಮಿನ್ ಖಾತೆಯಲ್ಲೂ ಪ್ರೋಗ್ರಾಂಗಳನ್ನು ಸಾಮಾನ್ಯ ಅಧಿಕಾರದಲ್ಲಿಯೇ ನಡೆಸಿ, ಹೆಚ್ಚಿನ ಅಧಿಕಾರ ಬೇಕಾದಾಗ ಒಪ್ಪಿಗೆ ಕೇಳತೊಡಗಿತು. ಆದರೆ ಅಲ್ಲಿ ಒಪ್ಪಿಗೆಯ ಗುಂಡಿ ಒತ್ತಿದರೆ ಸಾಕು, ಮತ್ತು ದಿನಕ್ಕೆ ಹತ್ತು ಸಲ ಒತ್ತಿದ ಬೆರಳು ಹನ್ನೊಂದನೆಯ ಸಲ ಓದಲು ಕಾಯುವುದಿಲ್ಲ. ಆ ಪ್ರಶ್ನೆಯೇ ಏಳದಂತೆ ನುಸುಳುವ ಉಪಾಯಗಳೂ ಇವೆ. ಅಡ್ಮಿನ್ ಅಧಿಕಾರವಿಲ್ಲದ ಸಾಮಾನ್ಯ ಖಾತೆಯಲ್ಲಾದರೆ ಅದೇ ಒಪ್ಪಿಗೆಗೆ ಬೇರೊಂದು ಅಡ್ಮಿನ್ ಖಾತೆಯ ಪಾಸ್‌ವರ್ಡ್ ಕೊಡಬೇಕು.

ಇದರಿಂದ ಎಲ್ಲವೂ ಕ್ಷೇಮವೆಂದಲ್ಲ. ಗುಮಾಸ್ತರು ತಿದ್ದಬಲ್ಲ ಲೆಕ್ಕದ ಕಡತವನ್ನು ಅವರ ಖಾತೆಯಲ್ಲಿ ನಡೆಯುವ ಕುತಂತ್ರಾಂಶವೂ ತಿದ್ದಬಲ್ಲದು. ವಿಂಡೋಸಿನ ದೋಷವನ್ನೇ ಹಿಡಿದು ಮೇಲೇರುವ ದಾಳಿಗಳಿಗೆ ಅಪ್‌ಡೇಟ್ ಬೇಕೇ ಬೇಕು. ಹಾಗಾಗಿ ಲೆಕ್ಕದ ಪ್ರತಿಯೊಂದನ್ನು ಕಂಪ್ಯೂಟರಿನಿಂದ ಬಿಚ್ಚಿಡುವ ಹಾರ್ಡ್‌ಡಿಸ್ಕಿನಲ್ಲಿ ಉಳಿಸುವ ಏರ್ಪಾಡನ್ನೂ ಮಾಡಿದೆವು.

ಖಾತೆ ಬದಲಿಸುವಾಗ ಮೊದಲು ಪಾಸ್‌ವರ್ಡ್ ಇರುವ ಹೊಸ ಅಡ್ಮಿನ್ ಖಾತೆಯೊಂದನ್ನು ತೆರೆದು, ಅನಂತರ ಹಳೆಯದನ್ನು ಸಾಮಾನ್ಯ ದರ್ಜೆಗೆ ಇಳಿಸಿದರೆ ಕಡತಗಳು ಇದ್ದಲ್ಲಿಯೇ ಇರುತ್ತವೆ. ಮಂಡಿಯಲ್ಲಿ ಹಾಗೆಯೇ ಆಯಿತು. ಪ್ರಿಂಟರಿನ ಡ್ರೈವರ್ ಹಾಕಲು ಯಜಮಾನರನ್ನು ಕರೆಯಬೇಕಾಯಿತು ಎಂಬುದೊಂದೇ ಗುಮಾಸ್ತರ ದೂರು.