ಇವರು ಮಲಗಿದ್ರು, ಸರಿ. ನೀವು?

ಯುದ್ಧದ ಆಘಾತಕ್ಕೆ ನನ್ನ ಬಳಿ ಚಿಕಿತ್ಸೆಗೆ ಬರುವ ಮಾಜಿ ಸೈನಿಕರ ಜೊತೆ ಬಂದ ಹೆಂಡತಿಗೋ ತಾಯಿಗೋ ನಾನು ಮೊದಲು ಕೇಳುವುದು, ನಿನ್ನೆ ರಾತ್ರಿ ನೀವು ಎಷ್ಟು ಹೊತ್ತು ಮಲಗಿದ್ರಿ ಅಂತ. "ಇವರು ಮೂರು ಗಂಟೆಗೇ ಎದ್ದು ಕೂತಿದ್ರು" ಅನ್ನುವುದು ಸಾಮಾನ್ಯವಾಗಿ ಬರುವ ಉತ್ತರ. ಅವರದಲ್ಲಮ್ಮ, ನಿಮ್ಮ ನಿದ್ದೆ ಅಂದರೆ ಸುಮ್ಮನಾಗುತ್ತಾರೆ.

ದೊಡ್ಡ ಆಘಾತದ ನಂತರ ಮನಸ್ಸಿನಲ್ಲಿ ಉಳಿದುಬಿಡುವ ಈ ಕಾಯಿಲೆಯನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಶೆಲ್ ಶಾಕ್ ಎನ್ನುತ್ತಿದ್ದರು. ಇದರ ಈಗಿನ ಹೆಸರು ಪಿಟಿಎಸ್‌ಡಿ, ಅದು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಜನರಿಂದ ದೂರ ಸರಿಯುವುದು, ಇವೆಲ್ಲ ಈಗ ಬಹಳ ಜನರಿಗೆ ಗೊತ್ತು. ಮನೆಯವರು ಏನೇನು ಬದಲಿಸಿಕೊಂಡಿರುತ್ತಾರೆ ಅನ್ನುವುದು ಗೊತ್ತಿಲ್ಲ.

ಒಬ್ಬರು ಮನೆಯ ಎಲ್ಲ ಡ್ರಾಯರ್‌ಗಳ ಅಂಚಿಗೂ ಬಟ್ಟೆ ಅಂಟಿಸಿದ್ದರು, ಮುಚ್ಚುವಾಗ ಸದ್ದಾಗಬಾರದು ಅಂತ. ಫೋನ್ ಸದಾ ಸೈಲೆಂಟ್. ಮಕ್ಕಳ ಗೆಳೆಯರು ಮನೆಗೆ ಬರುವಂತಿಲ್ಲ, ಮದುವೆ ಮುಂಜಿಗೆ ಈಕೆ ಒಬ್ಬರೇ ಹೋಗಿ "ಇವರಿಗೆ ಹುಷಾರಿಲ್ಲ" ಎಂದು ಹೇಳಿ ಬರುವುದು. ಎಲ್ಲವೂ ಪ್ರೀತಿಯಿಂದಲೇ. ಆದರೆ ಈ ಕಾಯಿಲೆ ಬದುಕುವುದೇ ತಪ್ಪಿಸಿಕೊಳ್ಳುವುದರಿಂದ. ಸದ್ದಿನಿಂದ, ಜನರಿಂದ ತಪ್ಪಿಸಿಕೊಂಡಾಗಲೆಲ್ಲ ಹಾಯೆನಿಸುತ್ತದೆ, ಮೆದುಳು "ಓಡಿದ್ದಕ್ಕೇ ಬಚಾವಾದೆ" ಎಂದು ಕಲಿಯುತ್ತದೆ, ಮುಂದಿನ ಸಲ ಭಯ ಇನ್ನೂ ಜಾಸ್ತಿ. ಎಕ್ಸ್‌ಪೋಶರ್ ಚಿಕಿತ್ಸೆಯಲ್ಲಿ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಸಾಮಾನ್ಯವಾಗಿ 8ರಿಂದ 15 ಭೇಟಿಗಳಲ್ಲಿ, ದೂರವಿಟ್ಟದ್ದರ ಹತ್ತಿರ ಸ್ವಲ್ಪ ಸ್ವಲ್ಪವೇ ಹೋಗುವುದು. ನಾವು ಒಂದು ಕಡೆ ಎಳೆದು ಮನೆ ಇನ್ನೊಂದು ಕಡೆ ಎಳೆದರೆ ಆಗುತ್ತದೆಯೇ? ಅದಕ್ಕೇ ಮನೆಯವರೂ ಚಿಕಿತ್ಸೆಯ ಕೋಣೆಯೊಳಗೆ ಬರಬೇಕು ಅನ್ನುತ್ತೇನೆ.

ಹಾಗಂತ ಬಟ್ಟೆಯನ್ನೆಲ್ಲ ಒಂದೇ ದಿನ ಕಿತ್ತು ಹಾಕಬೇಡಿ. ಒಂದನ್ನು ಆರಿಸಿ, ಅವರಿಗೆ ಹೇಳಿ, ಒಪ್ಪಿಸಿ. ಆಕೆ ಗಂಡನಿಗೆ ಹೇಳಿದ್ದು ಇಷ್ಟೇ: "ನಾಳೆಯಿಂದ ಮೇಲಿನ ಡ್ರಾಯರ್ ಸದ್ದು ಮಾಡತ್ತೆ, ಅದು ನಾನೇ."

ರಾತ್ರಿ ಚೀರಿದರೆ ಮೈ ಮುಟ್ಟಿ ಅಲುಗಾಡಿಸಬೇಡಿ. ಅರೆ ಎಚ್ಚರದಲ್ಲಿ ಕೈ ಬೀಸಬಹುದು. ದೂರ ನಿಂತು ದೀಪ ಹಾಕಿ, ನೀವು ದಿನವೂ ಕರೆಯುವ ಹಾಗೆಯೇ ಅವರನ್ನು ಕರೆಯಿರಿ. ಏನು ಕಂಡಿರಿ ಅಂತ ಆಗಲೇ ಕೆದಕಬೇಡಿ. ಎಚ್ಚರವಿದ್ದಾಗ ಹೊಡೆದರೆ ಮಾತೇ ಬೇರೆ. ಕಾಯಿಲೆ ಅಂತ ಅದನ್ನು ಸಹಿಸಬೇಕಿಲ್ಲ, ಮೊದಲು ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ.

ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಬಹುದು. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ವೈದ್ಯರಿಗೆ ತಿಳಿಸಿ. ಮನೆಯಲ್ಲಿ ಬಂದೂಕು ಇದ್ದರೆ, ಮಾತ್ರೆ ಜಾಸ್ತಿ ಇದ್ದರೆ ಬೇರೆ ಕಡೆ ಇಡಿಸಿ. ಆ ತೀವ್ರ ಗಳಿಗೆ ಎಷ್ಟೋ ಸಲ ಬೇಗ ದಾಟಿಹೋಗುತ್ತದೆ, ಆಗ ಕೈಗೆ ಏನು ಸಿಗುತ್ತದೆ ಅನ್ನುವುದೇ ಮುಖ್ಯ.

ಸೈನಿಕರ ಮನೆಯವರು ಗಟ್ಟಿಗರು ಅನ್ನುತ್ತಾರಲ್ಲ, ನನಗೆ ಆ ಹೊಗಳಿಕೆ ಕಂಡರಾಗದು. ಅಷ್ಟು ಹೊಗಳಿಸಿಕೊಂಡ ಮೇಲೆ ಸುಸ್ತಾಗಿದೆ ಅಂತ ಬಾಯಿ ಬಿಡುವುದು ಹೇಗೆ, ಅಲ್ವಾ?

ಆ ಡ್ರಾಯರ್‌ನ ಹೆಂಗಸು ತಿಂಗಳ ನಂತರ ಬಂದರು. ಗಂಡ ಮೂರು ದಿನ ಬೆಚ್ಚಿದರಂತೆ, ಆಮೇಲೆ ಕಡಿಮೆಯಾಯಿತಂತೆ. ಎದ್ದು ಹೊರಡುವಾಗ ದನಿ ತಗ್ಗಿಸಿ, ತಪ್ಪು ಒಪ್ಪಿಕೊಳ್ಳುವವರ ಹಾಗೆ ಹೇಳಿದರು: "ಮೇಡಂ, ಮೊನ್ನೆ ತಂಗಿಯನ್ನು ಕರೆಸಿಕೊಂಡಿದ್ದೆ. ನಾನು ಬೇರೆ ಕೋಣೆಯಲ್ಲಿ ಮಲಗಿಬಿಟ್ಟೆ. ಆರು ಗಂಟೆ ಹೊತ್ತು."