ವಿಶ್ವದರ್ಜೆ ಎನ್ನುವ ಮೊದಲು ಕೊನೆಯ ನಳ ತಿರುಗಿಸಿ ನೋಡಿ

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರಂ 1,507 ಮೀಟರ್ ಉದ್ದ. 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾದ ಇದು ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರಂ. ಹುಬ್ಬಳ್ಳಿ-ಧಾರವಾಡ ವಿಶ್ವದರ್ಜೆಯ ನಗರವಾಗುತ್ತಿದೆ ಎನ್ನುವವರು ಮೊದಲು ತೋರಿಸುವುದು ಇದನ್ನೇ. ಅದು ಹೆಮ್ಮೆಪಡುವ ಕೆಲಸ ಹೌದು. ಎರಡು ತುದಿಗಳಿಂದಲೂ ಗಾಡಿ ಬಂದು ನಿಲ್ಲುವ ಅನುಕೂಲ ದೊಡ್ಡ ಜಂಕ್ಷನ್ನಿಗೆ ಬೇಕೇ ಬೇಕು. ಆದರೆ ಅದರಿಂದ ನಿಲ್ದಾಣದ ಅಳತೆ ಸಿಕ್ಕೀತು, ಊರಿನ ಅಳತೆ ಸಿಗುವುದಿಲ್ಲ. ನೀರು ಸರಬರಾಜಿನ ಕೆಲಸ ಮಾಡುವವರಿಗೆ ಊರನ್ನು ಅಳೆಯುವ ಬೇರೊಂದು ರೂಢಿ ಇದೆ: ಟಾಕಿಯಿಂದ ಅತಿ ದೂರದ, ಅತಿ ಎತ್ತರದ ಮನೆ ಯಾವುದೋ ಅಲ್ಲಿಗೆ ಹೋಗಿ ನಳಕ್ಕೆ ಒತ್ತಡದ ಗೇಜು ಹಚ್ಚುವುದು. ಆ ಕೊನೆಯ ನಳ ಸರಿ ಇದ್ದರೆ ನಡುವಿನದೆಲ್ಲ ಸರಿ ಇದ್ದಂತೆಯೇ. ಈ ಅಂಕಣ ಹುಬ್ಬಳ್ಳಿ-ಧಾರವಾಡವನ್ನು ಆ ತುದಿಯಿಂದ ನೋಡುತ್ತದೆ.

ಮೊದಲು ನೆಲ ಅರ್ಥವಾಗಬೇಕು. ಧಾರವಾಡ ಇರುವುದು ನೀರು ಇಬ್ಭಾಗವಾಗುವ ಏರಿನ ಮೇಲೆ. ಒಂದು ಬದಿಯ ಮಳೆ ಶಾಲ್ಮಲೆ, ಬೇಡ್ತಿ ಹಿಡಿದು ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಇನ್ನೊಂದು ಬದಿಯದು ಬೆಣ್ಣೆಹಳ್ಳ, ತುಪ್ಪರಿಹಳ್ಳ ಸೇರಿ ಮಲಪ್ರಭೆ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ. ಏರಿನ ಮೇಲಿನ ಊರಿಗೆ ತನ್ನದೇ ದೊಡ್ಡ ನದಿ ಇರುವುದಿಲ್ಲ. ಬೇಡ್ತಿ ಕೊಳ್ಳದ ನೀರಸಾಗರ ಮಳೆಯನ್ನೇ ನಂಬಿದ ಜಲಾಶಯ, ಬರಗಾಲದಲ್ಲಿ ಕೈಕೊಡುತ್ತದೆ. ಹೀಗಾಗಿ ನಗರ ಮುಖ್ಯವಾಗಿ ನೆಚ್ಚಿರುವುದು ಸವದತ್ತಿ ಬಳಿಯ ರೇಣುಕಾ ಸಾಗರವನ್ನು. ಅಲ್ಲಿನ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ, ಪಂಪುಗಳ ಬಲದಿಂದ ಮೇಲೇರಿ ಊರಿಗೆ ಬರುತ್ತದೆ.

ಈ ಏರಿಕೆಗೆ ಬೆಲೆ ಇದೆ. ಸುಲಭ ಲೆಕ್ಕಕ್ಕೆ 100 ಮೀಟರ್ ಎತ್ತರ ಹಿಡಿಯೋಣ. ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆ ಶೇ 70 ಇದ್ದರೆ 1,000 ಲೀಟರ್ ನೀರೆತ್ತಲು ಸುಮಾರು 0.4 ಯೂನಿಟ್ ವಿದ್ಯುತ್ ಬೇಕು. ಪೈಪಿನ ಘರ್ಷಣೆ ಬೇರೆ. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9.4 ಲಕ್ಷ, ಲೆಕ್ಕಕ್ಕೆ 10 ಲಕ್ಷ ಎನ್ನೋಣ. ತಲೆಗೆ ದಿನಕ್ಕೆ 135 ಲೀಟರಿನಂತೆ 13.5 ಕೋಟಿ ಲೀಟರ್ ಮನೆ ಮುಟ್ಟಬೇಕು. ದಾರಿಯಲ್ಲಿ ಶೇ 15 ಸೋರಿದರೆ ಸುಮಾರು 16 ಕೋಟಿ ಲೀಟರ್ ಕಳಿಸಿದರೆ ಸಾಕು. ಶೇ 40 ಸೋರಿದರೆ 22.5 ಕೋಟಿ ಬೇಕು. ನಡುವಿನ ಆರೂವರೆ ಕೋಟಿ ಲೀಟರನ್ನು ಎತ್ತಿ ನೆಲಕ್ಕೆ ಸುರಿಯಲು ದಿನಕ್ಕೆ 26 ಸಾವಿರ ಯೂನಿಟ್ ಖರ್ಚಾಗುತ್ತದೆ. ‘ನೀರಿನ ಕೊರತೆ’ ಎಂದು ಕೇಳಿಬರುವ ದೂರಿನಲ್ಲಿ ಎಷ್ಟು ಪಾಲು ಜಲಾಶಯದ್ದು, ಎಷ್ಟು ಪಾಲು ಪೈಪಿನದ್ದು ಎಂದು ಬೇರ್ಪಡಿಸದೆ ಹೊಸ ಜಲಾಶಯದ ಮಾತಾಡುವುದು ತಪ್ಪು.

ಈ ನಗರದ ಬಹುಭಾಗ ದಶಕಗಳ ಕಾಲ ಬದುಕಿದ್ದು ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಬರುವ ನೀರಿನಲ್ಲಿ. ಈ ಪದ್ಧತಿ ಕೆಡುವುದು ಯಾಕೆಂದು ತಿಳಿಯಬೇಕು. ವಾಲ್ವ್‌ಮನ್ ನೀರು ಬಿಟ್ಟ ಕ್ಷಣ ಓಣಿಯ ಎಲ್ಲ ನಳಗಳೂ ತೆರೆದೇ ಇರುತ್ತವೆ. ವಾರದ ನೀರು ಎರಡು-ಮೂರು ತಾಸಿನಲ್ಲಿ ಹರಿಯಬೇಕು. ಪೈಪಿನೊಳಗಿನ ಘರ್ಷಣೆ ಹರಿವಿನ ಹೆಚ್ಚುಕಡಿಮೆ ವರ್ಗದಷ್ಟು ಏರುತ್ತದೆ. ಹರಿವು ಮೂರು ಪಟ್ಟಾದರೆ ಒತ್ತಡದ ನಷ್ಟ ಒಂಬತ್ತು ಪಟ್ಟು. ಟಾಕಿಯ ಹತ್ತಿರದವರ ಬ್ಯಾರಲ್, ಸಂಪು ತುಂಬಿ ಹರಿಯುವಾಗ ಕೊನೆಯ ಮನೆಯಲ್ಲಿ ನಳ ಗಾಳಿ ಉಗುಳುತ್ತಿರುತ್ತದೆ. ಆಗ ಆ ಮನೆಯವರು ನಳಕ್ಕೇ ಮೋಟಾರ್ ಹಚ್ಚುತ್ತಾರೆ. ಪೈಪಿನೊಳಗೆ ಹೀರುವ ಒತ್ತಡ ಹುಟ್ಟುತ್ತದೆ. ಗಟಾರದ ಪಕ್ಕದಲ್ಲೋ ಕೆಳಗೋ ಹಾದ ಪೈಪಿನ ಸಡಿಲ ಜೋಡಣೆಯಿಂದ ಹೊಲಸು ಒಳಬರುತ್ತದೆ. ನೀರು ನಿಂತ ದಿನಗಳಲ್ಲಿ, ಪೈಪು ಬರಿದಾದಾಗಲೂ ಇದೇ ಆಗುತ್ತದೆ. ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಎಷ್ಟೇ ಸರಿಯಾಗಿದ್ದರೂ ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಯದೆ ಹೋಗುವುದು ಇದರಿಂದಲೇ. ಮುಂದಿನ ಸಲ ಹೊಸ ನೀರು ಬಂದಾಗ ಬ್ಯಾರಲಿನ ಹಳೆಯ ನೀರು ಗಟಾರಕ್ಕೆ ಹೋಗುತ್ತದೆ. ಅಷ್ಟು ಖರ್ಚು ಮಾಡಿ ಏರಿನ ಮೇಲಕ್ಕೆ ತಂದ ನೀರು ಅದು.

ಇದಕ್ಕೆ ಪರಿಹಾರ ಇದೆ ಎಂದು ಮೊದಲು ತೋರಿಸಿಕೊಟ್ಟ ಊರುಗಳಲ್ಲಿ ಇದೇ ಊರು ಒಂದು. ಪ್ಲಾಟ್‌ಫಾರಂಗಿಂತ ದೊಡ್ಡ ಹೆಮ್ಮೆಯ ವಿಷಯ ನಮ್ಮ ದೃಷ್ಟಿಯಲ್ಲಿ ಇದು. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಲಯಗಳಲ್ಲಿ ದಿನದ 24 ತಾಸೂ ನೀರು ಹರಿಯತೊಡಗಿತು. ಭಾರತದ ನಗರಗಳಲ್ಲಿ ನಿರಂತರ ನೀರು ಅಸಾಧ್ಯ ಎನ್ನುವ ನಂಬಿಕೆ ಅಲ್ಲಿಗೆ ಮುರಿಯಿತು.

ಅಲ್ಲಿ ಮಾಡಿದ್ದೇನು? ಹಳೆಯ ಪೈಪಿಗೆ ತೇಪೆ ಹಾಕುವುದನ್ನು ಬಿಟ್ಟು ವಿತರಣಾ ಜಾಲವನ್ನೇ ಹೊಸದಾಗಿ ಹಾಸಿದರು. ಇಂಥ ಕೆಲಸದ ಕ್ರಮ ಹೀಗೆ: ಮನೆ ಮನೆಯ ಸಮೀಕ್ಷೆ, ಅನಧಿಕೃತ ಸಂಪರ್ಕವೂ ಲೆಕ್ಕಕ್ಕೆ ಬರಬೇಕು. ಆಮೇಲೆ ಊರನ್ನು ಸಾವಿರ, ಎರಡು ಸಾವಿರ ಸಂಪರ್ಕಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೆ ನೀರು ಬರುವ ದಾರಿ ಒಂದೇ ಇರುವಂತೆ ಮಾಡಿ, ಆ ಬಾಯಿಗೆ ದೊಡ್ಡ ಮೀಟರ್ ಕೂರಿಸಬೇಕು. ಮುಖ್ಯ ಪೈಪಿನಿಂದ ಮನೆ ಮೀಟರಿನವರೆಗಿನ ಸಣ್ಣ ಪೈಪನ್ನೂ ಬದಲಿಸಬೇಕು. ಸೋರಿಕೆಯ ದೊಡ್ಡ ಪಾಲು ಇರುವುದು ಮುಖ್ಯ ಪೈಪಿಗೆ ಮನೆಯ ಪೈಪು ಕೂಡುವ ಫೆರುಲ್ ಜೋಡಣೆಯಲ್ಲಿ ಮತ್ತು ತುಕ್ಕು ಹಿಡಿದ ಆ ಸಣ್ಣ ಪೈಪಿನಲ್ಲಿ. ಒಂದಂತಸ್ತಿನ ಮನೆಗೆ ಕನಿಷ್ಠ 7 ಮೀಟರ್, ಎರಡಂತಸ್ತಿಗೆ 12 ಮೀಟರ್ ಒತ್ತಡ, ಅಂದರೆ ನೀರು ಅಷ್ಟು ಎತ್ತರ ಏರುವ ಬಲ, ಉಳಿಯಬೇಕು.

ನಂತರ ಬರುವುದು ರಾತ್ರಿಯ ಲೆಕ್ಕ. ನಸುಕಿನ 2ರಿಂದ 4ರವರೆಗೆ ಊರು ಮಲಗಿರುವಾಗ ತುಂಡಿನ ಬಾಯಿಯ ಮೀಟರ್ ಎಷ್ಟು ತೋರಿಸುತ್ತದೆಯೋ ಅದರಲ್ಲಿ ಬಹುಪಾಲು ಸೋರಿಕೆ. ಸಾವಿರ ಸಂಪರ್ಕದ ವಲಯದಲ್ಲಿ ಆ ಹೊತ್ತಿಗೆ ತಾಸಿಗೆ 10,000 ಲೀಟರ್ ಹೋಗುತ್ತಿದ್ದರೆ ದಿನಕ್ಕೆ 2.4 ಲಕ್ಷ ಲೀಟರ್. ಮನೆಗೆ ಐವರು, ತಲೆಗೆ 135 ಲೀಟರಿನಂತೆ ಆ ವಲಯದ ನಿಜವಾದ ಬೇಡಿಕೆ 6.75 ಲಕ್ಷ. ಅಂದರೆ ಬೇಡಿಕೆಯ ಮೂರನೇ ಒಂದು ಭಾಗದಷ್ಟು ಸೋರಿಕೆ. ಒಳಗಿನ ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದರೆ ಯಾವ ಓಣಿ ಮುಚ್ಚಿದಾಗ ಮೀಟರ್ ಧಡಕ್ಕನೆ ಇಳಿಯುತ್ತದೋ ಅಲ್ಲಿ ಅಗೆಯಬೇಕು. ಇಲ್ಲಿ ಎರಡು ಕಡೆ ಮೋಸಹೋಗುವ ಸಾಧ್ಯತೆ ಇದೆ. ತುಂಬಿದೊಡನೆ ನೀರು ನಿಲ್ಲಿಸುವ ಬಾಲ್ ವಾಲ್ವ್ ಸಂಪಿಗೆ ಇಲ್ಲದ ಮನೆಗಳಲ್ಲಿ ರಾತ್ರಿಯೂ ನೀರು ತುಂಬಿ ಹರಿಯುತ್ತಿರುತ್ತದೆ. ಅದು ಪೈಪಿನ ಸೋರಿಕೆಯಂತೆಯೇ ಕಾಣುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಹೊಸ ಪೈಪು ಹಾಕಿದ ಮೇಲೂ ಹಳೆಯದನ್ನು ಜೀವಂತ ಬಿಡುವುದು. ಎರಡು ಪೈಪಿನ ಊರಿನಲ್ಲಿ ಯಾವ ಮೀಟರೂ ನಿಜ ಹೇಳುವುದಿಲ್ಲ. ಹಳೆ ಸಂಪರ್ಕ ಕತ್ತರಿಸುವ ದಿನ ಕಾರ್ಪೊರೇಟರ್, ಎಂಜಿನಿಯರ್, ಗುತ್ತಿಗೆದಾರ ಮೂವರೂ ಓಣಿಯಲ್ಲಿ ನಿಂತಿದ್ದರೆ ಅರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ.

ಫಲಿತಾಂಶವನ್ನು ಸಂಶೋಧಕರು ಇದೇ ಊರಿನಲ್ಲಿ ಅಳೆದಿದ್ದಾರೆ. ನಿರಂತರ ನೀರಿನ ವಲಯದ ನಳಗಳಿಗಿಂತ ಬಿಟ್ಟು ಬಿಟ್ಟು ಬರುವ ನೀರಿನ ನಳಗಳಲ್ಲಿ ನೀರಿಗೆ ಮಲ ಸೇರಿದ್ದನ್ನು ತೋರಿಸುವ ಇ-ಕೊಲಿ ಬ್ಯಾಕ್ಟೀರಿಯಾ ಬಹಳ ಹೆಚ್ಚು ಸಲ ಸಿಕ್ಕಿತು. ಟೈಫಾಯಿಡ್ ನಿರಂತರ ನೀರಿನ ವಲಯದಲ್ಲಿ ಕಡಿಮೆ ಇತ್ತು. ಆದರೆ ಮಕ್ಕಳ ಭೇದಿಯ ಒಟ್ಟು ಪ್ರಮಾಣದಲ್ಲಿ ಸ್ಪಷ್ಟ ಇಳಿಕೆ ಕಾಣಲಿಲ್ಲ. ಇದನ್ನೂ ಮುಚ್ಚಿಡದೆ ಹೇಳಬೇಕು. ಜನ 24 ತಾಸು ನೀರಿದ್ದರೂ ಕೊಡದಲ್ಲಿ ತುಂಬಿಡುವ ರೂಢಿ ಬಿಡುವುದಿಲ್ಲ. ಶೌಚ, ಗಟಾರ, ಕೈತೊಳೆಯುವ ಅಭ್ಯಾಸ ಇವೂ ಸುಧಾರಿಸದೆ ಪೈಪೊಂದೇ ಆರೋಗ್ಯ ತರಲಾರದು.

ಆಯ್ದ ವಲಯಗಳ ಆ ಪ್ರಾತ್ಯಕ್ಷಿಕೆ ಮುಗಿದು ಹದಿನೈದು ವರ್ಷ ದಾಟಿದರೂ ಆ ನೀರು ಇಡೀ ನಗರಕ್ಕೆ ಹಬ್ಬಲಿಲ್ಲ, ವಿಸ್ತರಣೆಯ ಕಾಮಗಾರಿ ಕುಂಟುತ್ತಾ ಬಂದಿದೆ. ಒಂದು ವಾರ್ಡಿನವರು ಸಂಪು ಮರೆತು ಬದುಕುತ್ತಿದ್ದರೆ ಪಕ್ಕದ ವಾರ್ಡಿನವರು ನೀರು ಬರುವ ದಿನ ಕೆಲಸಕ್ಕೆ ರಜೆ ಹಾಕಿದ್ದಾರೆ. ನಮ್ಮ ಪ್ರಕಾರ ಹುಬ್ಬಳ್ಳಿ-ಧಾರವಾಡ ಇನ್ನೂ ವಿಶ್ವದರ್ಜೆ ಆಗಿಲ್ಲ ಎನ್ನಲು ಇದೊಂದೇ ಸಾಕು. ಬೇರೆ ಕಾರಣ ಹುಡುಕಬೇಕಾಗಿಲ್ಲ.

ನೀರಿನ ಪೈಪಿಗೂ ಊರಿನ ಧೂಳಿಗೂ ನೇರ ಸಂಬಂಧವಿದೆ. ಹುಬ್ಬಳ್ಳಿಯ ಬಹುಭಾಗ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ನೆನೆದ ಎರೆಮಣ್ಣಿನ ತಾಳಿಕೆ, ಅಂದರೆ ರಸ್ತೆ ಎಂಜಿನಿಯರುಗಳು ಸಿಬಿಆರ್ ಎನ್ನುವ ಅಂಕಿ, ಶೇ 2ರಿಂದ 4ರ ಆಸುಪಾಸು ಮಾತ್ರ. ಅದರ ಮೇಲೆ ನೇರವಾಗಿ ಜಲ್ಲಿ, ಡಾಂಬರು ಹಾಕಿದರೆ ಎರಡನೇ ಮಳೆಗಾಲ ಕಾಣುವುದು ಕಷ್ಟ. ಒಳ್ಳೆ ಗರಸು ತಂದು ದಪ್ಪ ಪದರ ಹಾಕಬೇಕು, ಇಲ್ಲವೇ ಮೇಲ್ಮಣ್ಣಿಗೆ ಶೇ 3ರಿಂದ 5 ಸುಣ್ಣ ಬೆರೆಸಿ ದಮ್ಮಸು ಮಾಡಬೇಕು. ಪಕ್ಕದ ಗಟಾರದ ತಳ ಈ ಪದರಕ್ಕಿಂತ ಕೆಳಗಿರಬೇಕು. ಇಷ್ಟು ಮಾಡಿದ ರಸ್ತೆಯನ್ನು ಪೈಪಿಗಾಗಿ ಸೀಳಿ, ಅಗೆದ ಅದೇ ಎರೆಮಣ್ಣನ್ನು ಒಂದೇ ಸಲಕ್ಕೆ ತಳ್ಳಿ ಮುಚ್ಚಿದರೆ ಎಲ್ಲ ಕೆಲಸ ಹಾಳು. ಪೈಪಿನ ಕೆಳಗೂ ಸುತ್ತಲೂ ಮರಳು, ಮೇಲೆ ಗರಸು. 150ರಿಂದ 200 ಮಿಲಿಮೀಟರ್ ಪದರ ಹಾಕಿ ನೀರುಣಿಸಿ, ಒಂದೊಂದನ್ನೂ ಬಡಿದು ಗಟ್ಟಿ ಮಾಡಿದ ಮೇಲೆಯೇ ಮುಂದಿನದು. ಪದರ ಬಡಿಯುವ ಕೆಲಸಕ್ಕೆ ಬಿಲ್ಲಿನಲ್ಲಿ ಬೇರೆ ಸಾಲು ಇಲ್ಲದ ಟೆಂಡರಿನಲ್ಲಿ ಯಾರೂ ಅದನ್ನು ಮಾಡುವುದಿಲ್ಲ. ಪೈಪಿಗಾಗಿ ಅಗೆದು ಮುಚ್ಚಿದ, ಆಮೇಲೆ ಕುಸಿದ ಕಾಲುವೆಯ ಗರಸು ಬೇಸಿಗೆಯಲ್ಲಿ ಧೂಳಾಗಿ ಮನೆಯೊಳಗೆ ಬರುತ್ತದೆ. ಪೈಪು, ಒಳಚರಂಡಿ, ಕೇಬಲ್ ಮೂರಕ್ಕೂ ಪಾದಚಾರಿ ದಾರಿಯ ಕೆಳಗೆ ಜಾಗ ಕೊಟ್ಟ ಟೆಂಡರ್‌ಶ್ಯೂರ್ ಮಾದರಿ ರಸ್ತೆ ಹುಬ್ಬಳ್ಳಿಗೂ ಬಂದಿದೆ. ಅದು ಒಂದೆರಡು ರಸ್ತೆಯ ಮಾದರಿಯಾಗಿ ಉಳಿಯಬಾರದು.

ಬಿಆರ್‌ಟಿಎಸ್ ಬಗ್ಗೆ ನಮ್ಮ ಅಭಿಪ್ರಾಯ ಊರಿನ ಸಾಮಾನ್ಯ ಅಭಿಪ್ರಾಯಕ್ಕಿಂತ ಸ್ವಲ್ಪ ಬೇರೆ. ಎರಡು ಊರುಗಳ ನಡುವೆ 22 ಕಿಲೋಮೀಟರ್ ಬಸ್ಸಿಗೇ ಮೀಸಲಾದ ದಾರಿ, ನಿಲ್ದಾಣದಲ್ಲಿ ಒಂದು ಬಸ್ಸನ್ನು ಇನ್ನೊಂದು ದಾಟಿ ಹೋಗುವಷ್ಟು ಅಗಲ, ಹತ್ತುವ ಮೊದಲೇ ಟಿಕೆಟ್: ಕಾಗದದ ಮೇಲೆ ಇದು ಉತ್ತಮ ವಿನ್ಯಾಸ. ಕೆಡುತ್ತಿರುವುದು ನಡೆಸುವಲ್ಲಿ. ತಾಸಿಗೆ ಆರು ಬಸ್ಸು ಸಮ ಅಂತರದಲ್ಲಿ ಬಂದರೆ ಪ್ರಯಾಣಿಕ ಸರಾಸರಿ 5 ನಿಮಿಷ ಕಾಯುತ್ತಾನೆ. ಅದೇ ಆರು ಬಸ್ಸು ಜೋಡಿ ಜೋಡಿಯಾಗಿ ಬಂದರೆ 10 ನಿಮಿಷ. ಬಸ್ಸು, ಡೀಸೆಲ್, ಚಾಲಕರ ಸಂಬಳ ಏನೂ ಬದಲಾಗದೆ ಸೇವೆ ಅರ್ಧಕ್ಕೆ ಇಳಿಯಿತು. ಸಿಗ್ನಲಿನಲ್ಲಿ ಬಸ್ಸಿಗೆ ಆದ್ಯತೆ ಸಿಗದಿದ್ದಾಗ, ಮೀಸಲು ದಾರಿಗೆ ಬೇರೆ ವಾಹನ ನುಗ್ಗಿದಾಗ, ಕೆಟ್ಟ ಬಸ್ಸು ಡಿಪೋದಲ್ಲೇ ಉಳಿದಾಗ ಈ ಜೋಡಿ ಕಟ್ಟುವುದು ಶುರುವಾಗುತ್ತದೆ. ಈ ದಾರಿಯಲ್ಲಿ ಓಡುವ ಚಿಗರಿ ಬಸ್ಸಿನ ದಿನದ ಅಂಕಿ ಎಷ್ಟು ಪ್ರಯಾಣಿಕರು ಎಂದು ಹೇಳಿದರೆ ಸಾಲದು, ಎರಡು ಬಸ್ಸಿನ ನಡುವಿನ ಅತಿ ದೊಡ್ಡ ಅಂತರ ಎಷ್ಟಿತ್ತು ಎಂದೂ ಹೇಳಬೇಕು.

ನಿಲ್ದಾಣ ಇರುವುದು ರಸ್ತೆಯ ನಡುವೆ, ಅಂದಮೇಲೆ ಪ್ರತಿ ಪ್ರಯಾಣಿಕನೂ ರಸ್ತೆ ದಾಟಲೇಬೇಕು. 10.5 ಮೀಟರ್ ಅಗಲದ ರಸ್ತೆ ದಾಟಲು ಸೆಕೆಂಡಿಗೆ 0.9 ಮೀಟರ್ ನಡೆಯುವ ಹಿರಿಯರಿಗೆ 12 ಸೆಕೆಂಡ್ ಬೇಕು, ಹೆಜ್ಜೆ ಇಡಲು ಧೈರ್ಯ ಬರುವ ಸಮಯ ಬೇರೆ. ಉಣಕಲ್, ನವನಗರದಂಥ ಕಡೆ ಅಷ್ಟು ಹಸಿರು ಸಿಗ್ನಲ್ ಪ್ರತಿ ಸುತ್ತಿನಲ್ಲೂ ಸಿಗುವುದು ಕಡ್ಡಾಯವಾಗಬೇಕು. ಚೆನ್ನಮ್ಮ ವೃತ್ತದ ಮೇಲ್ಸೇತುವೆಗೂ ಇದೇ ಪ್ರಶ್ನೆ: ಮೇಲೆ ವಾಹನ ಸರಾಗವಾದೀತು, ಕೆಳಗೆ ಬಸ್ ನಿಲ್ದಾಣಕ್ಕೆ ನಡೆದು ಹೋಗುವವರ ದಾರಿ ನಕ್ಷೆಯಲ್ಲಿ ಎಲ್ಲಿದೆ? ಪಾದಚಾರಿ ದಾರಿಗೆ ಅಡೆತಡೆ ಇಲ್ಲದ 1.8 ಮೀಟರ್ ಅಗಲ ಕನಿಷ್ಠ. ಕೊಪ್ಪಿಕರ್ ರಸ್ತೆಯಂಥ ಪೇಟೆಯಲ್ಲಿ ಅದಕ್ಕಿಂತ ಹೆಚ್ಚು ಬೇಕು.

ಇನ್ನೊಂದು ವಿಷಯ ಈಗಲೇ ಎತ್ತಬೇಕು. 1962ರಿಂದ ಒಂದೇ ಪಾಲಿಕೆಯಡಿ ಇರುವ ಊರಿನಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು 2025ರ ಆರಂಭದಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದೆ. ಆಡಳಿತ ಹತ್ತಿರವಾದರೆ ಒಳ್ಳೆಯದೇ. ಆದರೆ ಸವದತ್ತಿಯಿಂದ ಬರುವ ಕೊಳವೆಮಾರ್ಗ ಎರಡೂ ಊರಿಗೆ ಸೇರಿದ್ದು, ಬಿಆರ್‌ಟಿಎಸ್ ಕೂಡ. ಪಂಪಿನ ವಿದ್ಯುತ್ ಬಿಲ್ಲು ಯಾವ ಅನುಪಾತದಲ್ಲಿ, ನೀರು ಕಡಿಮೆ ಬಿದ್ದ ದಿನ ಯಾರಿಗೆ ಎಷ್ಟು, ಗಡಿಯಲ್ಲಿ ಯಾವ ಮೀಟರಿನ ಅಂಕಿ ಅಂತಿಮ, ಇವು ಬೇರ್ಪಡುವ ಮೊದಲೇ ಬರಹದಲ್ಲಿ ಇರಬೇಕು. ಪಾಲು ಹಂಚಿಕೊಂಡ ಮೇಲೆ ಬಾವಿಯ ಲೆಕ್ಕ ಮಾಡಲು ಕೂತ ಅಣ್ಣತಮ್ಮಂದಿರ ಪಾಡು ಎಲ್ಲರಿಗೂ ಗೊತ್ತು.

ಓದುಗರು ತಮ್ಮ ವಾರ್ಡನ್ನು ತಾವೇ ಅಳೆಯಬಹುದು. ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಒತ್ತಡದ ಗೇಜನ್ನು ನೇರ ಸಂಪರ್ಕದ ನಳಕ್ಕೆ, ಅಂದರೆ ಸಂಪಿಗಿಂತ ಮೊದಲಿನ ನಳಕ್ಕೆ, ಬೆಳಗಿನ 6ರಿಂದ 8ರೊಳಗೆ ಹಚ್ಚಿ. ಮನೆಯ ಉಳಿದ ನಳಗಳು ಮುಚ್ಚಿರಲಿ. ಒಂದು ಬಾರ್ ಎಂದರೆ ಸುಮಾರು 10 ಮೀಟರ್. 0.7 ಬಾರ್‌ಗಿಂತ ಕಡಿಮೆ ತೋರಿಸಿದರೆ ಒಂದಂತಸ್ತಿನ ಮನೆಗೂ ಸಾಲದು. ರಾತ್ರಿ ಮಲಗುವ ಮುನ್ನ ಮೀಟರಿನ ಅಂಕಿ ಬರೆದುಕೊಂಡು ಎಲ್ಲ ನಳ ಮುಚ್ಚಿ. ಬೆಳಗ್ಗೆ ಅಂಕಿ ಏರಿದ್ದರೆ ಸೋರಿಕೆ ಮನೆಯೊಳಗೇ ಇದೆ, ಮೊದಲು ಬಾಲ್ ವಾಲ್ವ್ ನೋಡಿ. ಓಣಿಯ ಮೊದಲ ಮನೆ ಮತ್ತು ಕೊನೆಯ ಮನೆ, ಎರಡರ ಗೇಜಿನ ಅಂಕಿಯನ್ನೂ ಒಂದೇ ದಿನ, ಒಂದೇ ಹೊತ್ತಿಗೆ ತೆಗೆದು, ದಿನಾಂಕ ಬರೆದು ವಲಯ ಕಚೇರಿಗೆ ಕೊಡಿ. ‘ನೀರು ಸರಿಯಾಗಿ ಬರುತ್ತಿಲ್ಲ’ ಎನ್ನುವ ಅರ್ಜಿ ಕಡತ ಸೇರುತ್ತದೆ. ‘ಮೊದಲ ಮನೆಗೆ 1.2 ಬಾರ್, ಕೊನೆಯ ಮನೆಗೆ 0.2’ ಎಂದು ಬರೆದ ಅರ್ಜಿಗೆ ಎಂಜಿನಿಯರ್ ಯಾವ ವಾಲ್ವ್ ಬಳಿ ಹೋಗಬೇಕೆಂಬುದು ಓದಿದ ಕೂಡಲೇ ತಿಳಿಯುತ್ತದೆ.