ಮೈನಸ್ 70 ಮಿಲಿವೋಲ್ಟ್: ಕೆಲಸ ಪಂಪ್‌ನದ್ದೋ, ಪೊರೆಯದ್ದೋ?

ಓದುಗರ ಪ್ರಶ್ನೆ: ಸೋಡಿಯಂ-ಪೊಟ್ಯಾಸಿಯಂ ಪಂಪ್ ಪ್ರತಿ ಸಲ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ನರಕೋಶದ ಒಳಗೆ ಮೈನಸ್ 70 ಮಿಲಿವೋಲ್ಟ್ ಇರುವುದು ಇದರಿಂದಲೇ ಅಲ್ವಾ?

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ ಎಷ್ಟೋ ಜನರ ತಲೆಯಲ್ಲಿ ಇದೇ ಉತ್ತರ ಕೂತಿರುತ್ತದೆ. ಎರಡೂ ಪ್ಲಸ್ ಅಯಾನುಗಳು (ವಿದ್ಯುದಾವೇಶ ಇರುವ ಕಣಗಳು), ಹಾಗಾಗಿ ಪ್ರತಿ ಸುತ್ತಿಗೂ ಒಂದು ಪ್ಲಸ್ ಹೊರಗೆ ಜಾಸ್ತಿ ಹೋಗುವುದು ನಿಜ. ಆದರೆ ಅದರಿಂದ ನೇರವಾಗಿ ಸಿಗುವುದು ಕೆಲವೇ ಮಿಲಿವೋಲ್ಟ್. ಔಬೇನ್ ಎಂಬ ವಿಷ ಹಾಕಿ ಪಂಪ್ ನಿಲ್ಲಿಸಿ ನೋಡಿ. ಸಾಮಾನ್ಯವಾಗಿ ತಕ್ಷಣಕ್ಕೆ ಕಳೆದುಹೋಗುವುದು ಅಷ್ಟೇ. ಉಳಿದದ್ದು ನಿಧಾನವಾಗಿ ಇಳಿಯುತ್ತದೆ, ಒಳಗೆ ಕೂಡಿಟ್ಟ ಪೊಟ್ಯಾಸಿಯಂ ಸೋರಿದ ಹಾಗೆಲ್ಲ.

ಪಂಪ್‌ನ ಅಸಲಿ ಕೆಲಸ ಈ ಕೂಡಿಡುವುದು. ನಮ್ಮ ನರಕೋಶದ ಒಳಗೆ ಪೊಟ್ಯಾಸಿಯಂ ಸುಮಾರು 140 ಮಿಲಿಮೋಲಾರ್ (ದ್ರಾವಣ ಎಷ್ಟು ಸಾಂದ್ರ ಎಂಬುದರ ಅಳತೆ), ಹೊರಗೆ ಬರೀ 4. ಸೋಡಿಯಂ ಉಲ್ಟಾ: ಒಳಗೆ 12, ಹೊರಗೆ 145. ಇಷ್ಟೊಂದು ವ್ಯತ್ಯಾಸ ಇದ್ದರೂ ಅದೊಂದರಿಂದಲೇ ವೋಲ್ಟೇಜ್ ಹುಟ್ಟುವುದಿಲ್ಲ. ಕೋಶದ ಪೊರೆ ಯಾವ ಅಯಾನನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಎನ್ನುವುದೂ ಬೇಕು.

ಸುಮ್ಮನಿರುವ ಪೊರೆಯಲ್ಲಿ ಪೊಟ್ಯಾಸಿಯಂ ಚಾನೆಲ್‌ಗಳೇ (ಅಯಾನು ದಾಟುವ ಬಾಗಿಲುಗಳು) ಜಾಸ್ತಿ ತೆರೆದಿರುತ್ತವೆ. ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಅದರ ಜೋಡಿಯಾದ ದೊಡ್ಡ ಮೈನಸ್ ಅಣುಗಳು ದಾಟಲಾರವು. ಒಳಗೆ ಮೈನಸ್ ಉಳಿಯುತ್ತದೆ, ಆ ಮೈನಸ್ಸೇ ಪೊಟ್ಯಾಸಿಯಮ್ಮನ್ನು ವಾಪಸ್ ಎಳೆಯುತ್ತದೆ. ಪೊಟ್ಯಾಸಿಯಂ ಒಂದೇ ದಾಟುವಂತಿದ್ದರೆ ಈ ಜಗ್ಗಾಟ ಮೈನಸ್ 94ರಲ್ಲಿ ನಿಲ್ಲುತ್ತಿತ್ತು. ಇದಕ್ಕಾಗಿ ಬಹಳ ಅಯಾನು ಹೊರಹೋಗಬೇಕಿಲ್ಲ. 20 ಮೈಕ್ರೋಮೀಟರ್ ಅಗಲದ ದುಂಡನೆಯ ಕೋಶದಲ್ಲಿ ಸುಮಾರು 50 ಸಾವಿರಕ್ಕೆ ಒಂದು ಹೋದರೂ ಸಾಕು!

ಹಾಗಾದರೆ 94 ಯಾಕಿಲ್ಲ, 70 ಯಾಕೆ? ಸೋಡಿಯಮ್ಮೂ ಚೂರು ಒಳಗೆ ನುಸುಳುತ್ತದೆ. ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಕಾಟ್ಜ್ 1949ರಲ್ಲಿ ಸ್ಕ್ವಿಡ್‌ನ (ನಮ್ಮ ಕರಾವಳಿಯ ಬೊಂಡಾಸ್ ಜಾತಿಯದ್ದು) ದಪ್ಪ ನರದಲ್ಲಿ ಇದನ್ನು ಲೆಕ್ಕ ಹಾಕಿದರು. ಪೊರೆ ದಾಟುವ ಸಲೀಸು ಪೊಟ್ಯಾಸಿಯಮ್ಮಿಗೆ 1 ಅಂತಿಟ್ಟುಕೊಂಡರೆ ಸೋಡಿಯಮ್ಮಿಗೆ 0.04.

ಆ 0.04 ಅನ್ನು ಗೋಲ್ಡ್‌ಮನ್ ಸಮೀಕರಣದಲ್ಲಿ (ಅಯಾನುಗಳ ಅಂಕಿ ಮತ್ತು ದಾಟುವ ಸಲೀಸಿನಿಂದ ಪೊರೆಯ ವೋಲ್ಟೇಜ್ ಕೊಡುವ ಸೂತ್ರ) ನಮ್ಮ ಕೋಶದ ಅಂಕಿಗಳ ಜೊತೆ ಹಾಕಿ (ಕ್ಲೋರೈಡ್ ಸದ್ಯ ಬಿಡೋಣ). (4 + 0.04 × 145) ಭಾಗಿಸು (140 + 0.04 × 12). ಸುಮಾರು 0.07. ಅದರ ಲಾಗ್ ತೆಗೆದು 61ರಿಂದ ಗುಣಿಸಿದರೆ ಮೈನಸ್ 71. ಈಗ 0.04 ಇದ್ದಲ್ಲಿ 1 ಹಾಕಿ: ಉತ್ತರ ಹೆಚ್ಚುಕಮ್ಮಿ ಸೊನ್ನೆ. 20 ಹಾಕಿ: ಪ್ಲಸ್ 54. ನರದಲ್ಲಿ ಸಂದೇಶ ಓಡುವಾಗ ಆಗುವುದು ಈ ಕೊನೆಯದ್ದೇ. ಪಂಪ್ ಅದೇ, ಒಳಗೆ ಹೊರಗಿನ ಅಂಕಿಗಳೂ ಅವೇ. ಬದಲಾಗಿದ್ದು ಪೊರೆ ಯಾರನ್ನು ಬಿಡುತ್ತದೆ ಎಂಬುದು ಮಾತ್ರ. ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ಎಲ್ಲ ಕೋಶಗಳಿಗೂ ಮೈನಸ್ 70 ಅಂತಲೂ ಇಲ್ಲ. ಕೆಂಪು ರಕ್ತಕಣದ ಪೊರೆ ಕ್ಲೋರೈಡನ್ನು ಧಾರಾಳವಾಗಿ ಬಿಡುತ್ತದೆ, ಅಲ್ಲಿ ಸುಮಾರು ಮೈನಸ್ 10 ಅಷ್ಟೇ.

ಹೃದಯದ ಸ್ನಾಯುವಿನ ಪೊರೆ ಮಾತ್ರ ಪೊಟ್ಯಾಸಿಯಂ ಕಡೆಗೇ ಬಹಳ ವಾಲಿದೆ. ಅದಕ್ಕೇ ರಕ್ತದ ಪೊಟ್ಯಾಸಿಯಂ ಏರಿದರೆ ಅದಕ್ಕೆ ಬೇಗ ತಟ್ಟುತ್ತದೆ. 4 ಇದ್ದದ್ದು 8 ಆದರೆ ಆ ಮೈನಸ್ 94 ಮೈನಸ್ 76ಕ್ಕೆ ಬರುತ್ತದೆ. ಸೋಡಿಯಂ ಚಾನೆಲ್‌ಗಳು ತೆರೆಯದೆ ಕೂರತೊಡಗುತ್ತವೆ, ಬಡಿತ ತಾಳ ತಪ್ಪುತ್ತದೆ. ಕಿಡ್ನಿ ಕೈಕೊಟ್ಟವರಿಗೆ ಡಾಕ್ಟರು ಎಳನೀರು ಬೇಡ ಅನ್ನುವುದು ಇದಕ್ಕೇ: ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.